ಪುಟ ಹದಿನಾರರ ಕೊಲೆಗಾರ

ಸಿನಿಮಾ ಮುಗಿದು ದೀಪ ಹೊತ್ತಿಕೊಳ್ಳುವ ಮೊದಲೇ ಸದ್ದಿಲ್ಲದೆ ಜಾರಿಕೊಳ್ಳಬೇಕೆಂದು ಎದ್ದ ನಮ್ಮ ಮೊಳೆ ಮಾವ, ಸದ್ದು ಮಾಡಿಕೊಂಡೇ ಸಿಕ್ಕಿಬಿದ್ದ. ಚಿತ್ರಸಂಘದ ಆ ಪುಟ್ಟ ಸಭಾಂಗಣಕ್ಕೆ ಇರುವುದು ಒಂದೇ ಗಾಜಿನ ಬಾಗಿಲು. ಹೊರಗಿನಿಂದ ಬರುವವರಿಗೆಂದು ಅದರ ಮೇಲೆ ಕೆಂಪು ಬಣ್ಣದಲ್ಲಿ ‘ತಳ್ಳಿ’ ಎಂದು ಬರೆದಿದ್ದಾರೆ. ಒಳಗಿನಿಂದ ನೋಡಿದರೆ ಅಕ್ಷರ ಉಲ್ಟಾ. ನಿಮಗಾಗಲಿ ನನಗಾಗಲಿ ಅದನ್ನು ಓದಲು ಬರುವುದಿಲ್ಲ. ಬರುವುದಿಲ್ಲವಾದ್ದರಿಂದಲೇ ನಾವು ಸುಮ್ಮನೆ ಹಿಡಿಕೆ ಎಳೆದು ಮರ್ಯಾದೆಯಾಗಿ ಹೊರಗೆ ಹೋಗುತ್ತೇವೆ. ಆದರೆ ಮಾವ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವನು. ಸೀಸದ ಮೊಳೆಯ ಮೇಲೆ ಅಕ್ಷರ ಇರುವುದೇ ಕನ್ನಡಿಯಲ್ಲಿ ಕಂಡ ಹಾಗೆ. ಉಲ್ಟಾ ಇರುವುದೇ ಅವನಿಗೆ ನೆಟ್ಟಗೆ. ನಡೆಯುತ್ತ ನಡೆಯುತ್ತಲೇ ಅವನು ಬಾಗಿಲನ್ನು ಓದಿದ, ಓದಿದ್ದನ್ನು ಮಾಡಿದ. ಮೈಭಾರವನ್ನೆಲ್ಲ ಹಾಕಿ ತಳ್ಳಿದ. ಹಣೆ ಗಾಜಿಗೆ ಬಡಿದ ಸದ್ದಿಗೆ ಮೂವತ್ತು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು.

“ತಳ್ಳಿ ಅಂತಾನೇ ಇದೆಯಲ್ರೀ” ಎಂದ ಮಾವ, ಬಾಗಿಲಿಗೆ.

ತಿರುಗಿದ ಮೂವತ್ತು ತಲೆಗಳಲ್ಲಿ ಒಂದು ನಮ್ಮ ಅಪ್ಪನದು. ಅವರಿಬ್ಬರೂ ಮುಖ ನೋಡಿಕೊಂಡು ಮೂವತ್ತೊಂದು ವರ್ಷವಾಗಿತ್ತು. ಇದ್ದದ್ದು ಒಂದೇ ಊರಿನಲ್ಲಿ, ಎರಡು ಬಸ್ ಸ್ಟಾಪಿನ ಅಂತರದಲ್ಲಿ. ನಡುವೆ ಒಂದು ಕೊಲೆಯಾಗಿತ್ತು ಅಷ್ಟೆ. ಸತ್ತದ್ದು ಅಪ್ಪ ತೆಗೆದ ಸಿನಿಮಾ. ಕೊಂದವನು ಮೊಳೆ ಮಾವ ಎಂದು ನಮ್ಮ ಮನೆಯ ಜಗಲಿಯ ಮೇಲೆ ತೀರ್ಪಾಗಿ, ಮೇಲ್ಮನವಿಗೆ ಅವಕಾಶವಿಲ್ಲದೆ ಜಾರಿಯೂ ಆಗಿತ್ತು.

ಮಾವ ಅಮ್ಮನ ತಮ್ಮ. ನಾನು ಹೋಗುತ್ತಿದ್ದ ಶಾಲೆ ಕಾನ್ವೆಂಟು. ಶಾಲೆಯಲ್ಲಿ ಸಿಸ್ಟರುಗಳ ಕಾಟ, ಶಾಲೆ ಬಿಟ್ಟ ಮೇಲೆ ಅಮ್ಮನ ಬ್ರದರಿನ ಜೊತೆ ಆಟ. ಅವನ ಪ್ರೆಸ್ಸು ಶಾಲೆಯ ಹಿಂದಿನ ಓಣಿಯಲ್ಲಿ, ಒಂದು ಛತ್ರಿ ರಿಪೇರಿ ಅಂಗಡಿಗೂ ಒಂದು ಹಿಟ್ಟಿನ ಗಿರಣಿಗೂ ನಡುವೆ ಇತ್ತು. ಒಳಗೆ ಹೋದರೆ ಶಾಯಿ, ಸೀಮೆಎಣ್ಣೆ, ಹಸಿ ಕಾಗದ ಮೂರೂ ಸೇರಿದ ವಾಸನೆ. ಗೋಡೆಯುದ್ದಕ್ಕೂ ಮೊಳೆಗಳ ಮರದ ಕೇಸುಗಳು. ಒಂದೊಂದರಲ್ಲೂ ಗುಬ್ಬಿಗೂಡಿನಷ್ಟಗಲದ ನೂರಾರು ಮನೆಗಳು. ಮಾವ ಎಡಗೈಯಲ್ಲಿ ಮೊಳೆ ಸಾಲಾಗಿಡುವ ಸ್ಟಿಕ್ಕು ಹಿಡಿದು, ಕಣ್ಣನ್ನು ಬರವಣಿಗೆಯ ಮೇಲಿಟ್ಟು, ಬಲಗೈಯನ್ನು ಮಾತ್ರ ಕೇಸಿನ ಮೇಲೆ ಬಿಟ್ಟಿರುತ್ತಿದ್ದ. ಆ ಕೈ ಕಾಳು ಹೆಕ್ಕುವ ಕೋಳಿಯ ಹಾಗೆ ತಾನೇ ಓಡಾಡಿ, ಬೇಕಾದ ಅಕ್ಷರ ಹೆಕ್ಕಿ ತರುತ್ತಿತ್ತು. ತಪ್ಪು ಹೆಕ್ಕಿದ್ದನ್ನು ನಾನು ಕಂಡಿಲ್ಲ. ಓದಿದ್ದು ಏಳನೇ ಕ್ಲಾಸು, ಜೋಡಿಸಿದ್ದು ಕಾನೂನು ಪುಸ್ತಕ, ಜ್ಯೋತಿಷ್ಯ, ಹೋಟೆಲಿನ ಬಿಲ್ಲು, ಯಾರದೋ ನಾಲ್ಕುನೂರು ಪುಟದ ಮಹಾಕಾವ್ಯ.

“ಮಾವ, ಅದರಲ್ಲಿ ಏನು ಕಥೆ?” ಎಂದರೆ, “ಕಥೆ ಗಿಥೆ ಗೊತ್ತಿಲ್ಲ ಕಣೇ ಕಾನ್ವೆಂಟು. ‘ಳ’ ಜಾಸ್ತಿ ಖರ್ಚಾಯ್ತು” ಎನ್ನುತ್ತಿದ್ದ. ನನ್ನನ್ನು ಅವನು ಕರೆಯುತ್ತಿದ್ದದ್ದೇ ಕಾನ್ವೆಂಟು ಎಂದು.

ಕೆಲಸ ಮಾಡುವಾಗ ಅರ್ಥಕ್ಕೆ ಗಮನ ಕೊಟ್ಟರೆ ಅಕ್ಷರ ಕೈತಪ್ಪುತ್ತದೆ ಎಂದು ಅವನ ಸಿದ್ಧಾಂತ. ನಾನು ಅಕ್ಷರ ಕಲಿತದ್ದು ಅವನ ಎದುರು ನಿಂತು, ಆದ್ದರಿಂದ ತಲೆಕೆಳಗಾಗಿ. ಒಂದನೇ ಕ್ಲಾಸಿನ ಸಿಸ್ಟರು ಪುಸ್ತಕ ಕೊಟ್ಟಾಗ ನಾನದನ್ನು ಬುಡಮೇಲು ಹಿಡಿದು ಗಡಗಡ ಓದಿದೆ. ಅವರು ಅದನ್ನು ನೆಟ್ಟಗೆ ಮಾಡಿ ಕೊಟ್ಟರು. ನನಗೆ ಓದುವುದು ಮರೆತೇ ಹೋಯಿತು. ಮನೆಗೆ ಚೀಟಿ ಬಂತು. ಅಮ್ಮ ಚೀಟಿಯನ್ನು ತಮ್ಮನಿಗೆ ತೋರಿಸಿದಾಗ ಅವನು ಮೇಲಿನ ಸಾಲಿಗಿಂತ ಕೆಳಗಿನ ಸಾಲಿನ ಮಸಿ ದಟ್ಟವಾಗಿದೆ ಎಂದು ಮಾತ್ರ ಹೇಳಿದನಂತೆ.

ಇನ್ನು ಅಪ್ಪ. ಅಪ್ಪ ಹಗಲು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು, ಸಂಜೆ ಸಂಗೀತದ ಮೇಷ್ಟ್ರು. ಮೊದಲನೆಯದು ಸರಿಯಾಗಿ ಬರುತ್ತಿಲ್ಲ, ಎರಡನೆಯದು ನಿಲ್ಲುತ್ತಲೇ ಇಲ್ಲ ಎಂದು ಬೀದಿಯವರ ದೂರು. ಮನೆಯಲ್ಲಿ ಒಂದು ಹಳೆಯ ಹಾರ್ಮೋನಿಯಂ ಇತ್ತು. ಅಪ್ಪ ಏಳು ವರ್ಷದ ಹುಡುಗನಾಗಿದ್ದಾಗ ಸ್ವರ ಕಲಿತದ್ದು ಅದರಲ್ಲೇ, ಅವರ ಶಿಷ್ಯರೆಲ್ಲ ಕಲಿತದ್ದೂ ಅದರಲ್ಲೇ. ಮನೆಯಲ್ಲಿ ಅದಕ್ಕೆ ‘ಪೆಟ್ಟಿಗೆ’ ಎಂದೇ ಹೆಸರು. ಅಪ್ಪ ತರಕಾರಿಯವನ ಹತ್ತಿರ ಚೌಕಾಸಿ ಮಾಡಿದರೂ ಅದರಲ್ಲೊಂದು ರಾಗ ಇರುತ್ತಿತ್ತು. ಮನುಷ್ಯ ನಿಜ ಹೇಳುವುದು ಹಾಡುವಾಗ ಮಾತ್ರ, ಮಾತಾಡುವಾಗ ಎಲ್ಲರೂ ಸುಳ್ಳರು ಎಂದು ಅವರು ನಂಬಿದ್ದರು. ಈ ನಂಬಿಕೆ ಬಲಿತು ಬಲಿತು ಕೊನೆಗೆ ಒಂದು ಸಿನಿಮಾ ಆಯಿತು.

ಹೆಸರು ‘ಶ್ರುತಿ ತಪ್ಪಿದವನು’. ಕಲೆಯೂ ಇರಬೇಕು, ಕೊಲೆಯೂ ಇರಬೇಕು, ಮಾತು ಮಾತ್ರ ಒಂದೂ ಇರಬಾರದು. ಒಬ್ಬ ಗಾಯಕಿಯನ್ನು ಅವಳ ಕೋಣೆಯಲ್ಲಿ ಯಾರೋ ಪಿಟೀಲಿನ ತಂತಿಯಿಂದ ಕತ್ತು ಬಿಗಿದು ಕೊಂದಿದ್ದಾರೆ. ಸಾಯುವ ಮುಂಚೆ ಅವಳ ಜೊತೆ ಇನ್ನೊಬ್ಬರು ಹಾಡುತ್ತಿದ್ದುದನ್ನು ಬಾಗಿಲಾಚೆಯ ಕಾವಲುಗಾರ ಕೇಳಿದ್ದಾನೆ. ಆ ದನಿ ಏಳನೆಯ ಸ್ವರದಲ್ಲಿ ಕೂದಲೆಳೆಯಷ್ಟು ಕೆಳಗೆ ಇಳಿಯುತ್ತಿತ್ತು. ಸುಳಿವು ಅದೊಂದೇ. ಗಂಡ, ಎದುರಾಳಿ ಗಾಯಕಿ, ದರ್ಜಿ, ಪಿಟೀಲು ಮೇಷ್ಟ್ರು, ಎಲ್ಲರೂ ತಾವು ಆ ಹೊತ್ತಿನಲ್ಲಿ ಎಲ್ಲಿದ್ದೆವೆಂದು ಇನ್‌ಸ್ಪೆಕ್ಟರ ಎದುರು ಹಾಡಿ ಹೇಳುತ್ತಾರೆ. ಇನ್‌ಸ್ಪೆಕ್ಟರು ಹಾಡಿಯೇ ಸವಾಲು ಹಾಕುತ್ತಾರೆ. ಒಟ್ಟು ಹದಿನಾಲ್ಕು ಹಾಡು. ಹದಿನಾಲ್ಕನೆಯದರಲ್ಲಿ ಪಿಟೀಲು ಮೇಷ್ಟ್ರ ದನಿ ಇಳಿಯುತ್ತದೆ, ಕೈಗೆ ಬೇಡಿ ಏರುತ್ತದೆ. ಕಿವಿಯಿಂದ ಹಿಡಿದ ಕೊಲೆಗಾರ ಲೋಕದ ಯಾವ ಸಿನಿಮಾದಲ್ಲೂ ಇಲ್ಲ ಎಂದು ಅಪ್ಪ ಹೇಳುತ್ತಿದ್ದರು.

ಹಣ ಹಾಕಿದವರು ಊರಿನ ಬಿಸ್ಕತ್ತು ಕಾರ್ಖಾನೆಯ ಯಜಮಾನರು. ಪ್ರತಿ ವಿಚಾರಣೆಗೂ ಮುಂಚೆ ಇನ್‌ಸ್ಪೆಕ್ಟರು ಅವರ ಕಾರ್ಖಾನೆಯ ಬಿಸ್ಕತ್ತೊಂದನ್ನು ಚಹಾದಲ್ಲಿ ಅದ್ದಿ ತಿನ್ನಬೇಕು, ಅದೊಂದೇ ಅವರ ಷರತ್ತು. ಅಪ್ಪ ಒಪ್ಪಿದರು. ಬಾಯಲ್ಲಿ ಬಿಸ್ಕತ್ತಿಟ್ಟುಕೊಂಡು ಹಾಡುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ. ಪಾತ್ರಧಾರಿಗಳೆಲ್ಲ ಅಪ್ಪನ ಸಂಜೆ ಕ್ಲಾಸಿನವರು. ಇನ್‌ಸ್ಪೆಕ್ಟರಾದವರು ಹಲ್ಲಿನ ಡಾಕ್ಟರು. ಜನರ ಬಾಯಿ ಬಿಡಿಸಿ ಅವರಿಗೆ ಅಭ್ಯಾಸವಿತ್ತು.

ಎರಡು ವರ್ಷ, ದಿನವೂ ಸಂಜೆ, ಪ್ರೆಸ್ಸಿನಿಂದ ಮಾವ ನೇರವಾಗಿ ನಮ್ಮ ಜಗಲಿಗೆ ಬರಬೇಕು. ಅಪ್ಪ ಪೆಟ್ಟಿಗೆ ಎಳೆದುಕೊಂಡು ಆ ದಿನ ತಿದ್ದಿದ ಹಾಡನ್ನೂ, ತಿದ್ದದ ಹಾಡನ್ನೂ, ಎರಡಕ್ಕೂ ಇರುವ ವ್ಯತ್ಯಾಸವನ್ನೂ ಹಾಡಿ ತೋರಿಸುತ್ತಿದ್ದರು. ಮಾವ ಗೋಡೆಗೊರಗಿ ಕಣ್ಣು ಮುಚ್ಚಿ ಕೂರುತ್ತಿದ್ದ. ಒಂದು ಸಲವೂ ಎದ್ದು ಹೋದವನಲ್ಲ, ಆಕಳಿಸಿದವನಲ್ಲ. ಬಲಗೈ ಬೆರಳು ಮಾತ್ರ ಮೊಣಕಾಲ ಮೇಲೆ ಆಡುತ್ತಿದ್ದವು.

“ನೋಡಿ ಕಲೀರೋ” ಎನ್ನುತ್ತಿದ್ದರು ಅಪ್ಪ ಶಿಷ್ಯರಿಗೆ. “ಕೇಳೋದು ಅಂದ್ರೆ ಇದು. ಬೆರಳಲ್ಲೇ ತಾಳ ಹಿಡಿದಿದ್ದಾನೆ ನಮ್ಮ ಮೊಳೆ.”

ಅಮ್ಮ ಒಳಗಿನಿಂದ, “ಅವನಿಗೆ ಕಾಫಿನಾದ್ರೂ ಕುಡಿಯೋಕೆ ಬಿಡ್ರೀ” ಎನ್ನುತ್ತಿದ್ದಳು. ಕಾಫಿ ಬರುತ್ತಿತ್ತು, ಅದರ ಜೊತೆಗೇ ಮುಂದಿನ ಹಾಡೂ ಬರುತ್ತಿತ್ತು.

ಆಗೆಲ್ಲ ಸಿನಿಮಾ ಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ಅಂಗೈಯಗಲ, ಗುಲಾಬಿಯೋ ಹಳದಿಯೋ ಬಣ್ಣದ ಒರಟು ಕಾಗದ. ಹಾಡುಗಳು, ತಾರಾಗಣ, ಮತ್ತು ಕಥೆಯ ಸಾರಾಂಶ. ಸಾರಾಂಶ ಎಂದರೆ ಅರ್ಧ ಕಥೆ. ಸರಿಯಾಗಿ ಕುತೂಹಲ ಹುಟ್ಟುವ ಜಾಗದಲ್ಲಿ ನಿಲ್ಲಿಸಿ, ಮುಂದೇನಾಯಿತೆಂದು ತೆರೆಯ ಮೇಲೆ ನೋಡಿ ಎಂದು ಕೈ ತೊಳೆದುಕೊಳ್ಳುವುದು ಪದ್ಧತಿ. ‘ಶ್ರುತಿ ತಪ್ಪಿದವನು’ ಚಿತ್ರದ ಪುಸ್ತಕವನ್ನು ಮಾವನಲ್ಲದೆ ಇನ್ಯಾರು ಜೋಡಿಸಬೇಕು? ಹದಿನಾರು ಪುಟ: ಮೊದಲನೆಯದು ಚಿತ್ರದ ಹೆಸರು, ತಾರಾಗಣ, ಎರಡನೆಯದು ಸಾರಾಂಶ, ಉಳಿದ ಹದಿನಾಲ್ಕಕ್ಕೆ ಹದಿನಾಲ್ಕು ಹಾಡು. ಲೆಕ್ಕ ಸರಿಹೋಗಿತ್ತು. ಅಪ್ಪ ಕಥೆಯನ್ನು ಬಿಸ್ಕತ್ತಿನವರಿಗೆಂದು ಪೂರ್ತಿ ಬರೆದಿದ್ದ ಹಾಳೆಯನ್ನೇ ಕೊಟ್ಟು, ನಡುವೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಗೆರೆಯ ತನಕ ಅಚ್ಚು, ಗೆರೆಯ ಆಚೆ ಗುಟ್ಟು.

ಚಿತ್ರೀಕರಣದ ಕೊನೆಯ ವಾರದಲ್ಲಿ ಫಿಲ್ಮು ಮುಗಿದುಹೋಯಿತು. ಹದಿನಾಲ್ಕನೆಯ ಹಾಡು ತೆಗೆಯಲಾಗಲಿಲ್ಲ. ಹದಿಮೂರನೆಯದರ ಕೊನೆಗೇ ಬೇಡಿ ಹಾಕಿಸಿ ಅಪ್ಪ ಹೇಗೋ ಹೊಲಿದು ಮುಗಿಸಿದರು. ಬಿಡುಗಡೆ ಶುಕ್ರವಾರ. ಹಾಡು ತೆಗೆದುಹಾಕಬೇಕೆಂಬ ಚೀಟಿ ಪ್ರೆಸ್ಸಿಗೆ ಬಂದದ್ದು ಗುರುವಾರ ಮಧ್ಯಾಹ್ನ. ಅಪ್ಪ ಎಲ್ಲೋ ಏಣಿಯ ಮೇಲೆ ಪೋಸ್ಟರು ಅಂಟಿಸುತ್ತಿದ್ದರು. ನಾನು ಶಾಲೆ ಬಿಟ್ಟು ಬಂದು ಪ್ರೆಸ್ಸಿನ ಕಲ್ಲಿನ ಮೇಜಿನ ಈಚೆ ನಿಂತಿದ್ದೆ. ಆಗ ನನಗೆ ಹದಿಮೂರು.

ಮೆಷಿನ್ನಿನವನು ಶಾಯಿ ಕೈ ಒರೆಸಿಕೊಳ್ಳುತ್ತ, “ಹದಿನಾರನೇ ಪುಟ ಖಾಲಿ ಬಿಡ್ಲಾ?” ಎಂದ.

“ಖಾಲಿ ಬಿಟ್ರೆ ಓದೋರು ಏನಂದ್ಕೋತಾರೆ?” ಎಂದ ಮಾವ. “ಜೋಡಿಸೋನು ಊಟಕ್ಕೆ ಹೋಗಿದ್ದ ಅಂತಾರೆ.”

“ಹೂ ಬಳ್ಳಿ ಚಿತ್ರದ ಮೊಳೆ ಹಾಕು.”

“ಹೂ ಬಳ್ಳಿ ಎಲ್ಲಾ ಆ ಮದುವೆ ಕಾಗದದಲ್ಲಿ ಸಿಕ್ಕೊಂಡಿದೆ. ಸೋಮವಾರದ ತನಕ ಬಿಚ್ಚೋ ಹಾಗಿಲ್ಲ.”

ಅವನ ಕೈಯಿಂದ ಅದುವರೆಗೆ ಒಂದು ಪುಟವೂ ಬಿಳಿಯಾಗಿ ಹೊರಬಿದ್ದಿರಲಿಲ್ಲ. ಬಿಳಿ ಪುಟ ಎಂದರೆ ಅವನಿಗೆ ಬಟ್ಟೆಯಿಲ್ಲದೆ ಬೀದಿಗೆ ಬಂದಂತೆ. ಮಾವ ಸುತ್ತ ನೋಡಿದ. ಕಥೆಯ ಹಾಳೆ ಮೊಳೆ ಕೇಸಿನ ಕೆಳಗೆ ಮಡಿಚಿ ಬಿದ್ದಿತ್ತು. ಪೆನ್ಸಿಲ್ ಗೆರೆಯ ಕೆಳಗಿನ ಸಾಲುಗಳನ್ನು ಬೆರಳಿನಿಂದ ಅಳೆದ. ಆ ಬರವಣಿಗೆ ಅಚ್ಚಿಗೆ ಇಳಿದರೆ ಸರಿಯಾಗಿ ಒಂದು ಪುಟ. ಅಳತೆ ಹೊಂದಿದ್ದನ್ನು ಕಂಡ ದರ್ಜಿಯ ಹಾಗೆ ಅವನ ಮುಖ ಅರಳಿತು. ಗಂಟೆಯೊಳಗೆ ಜೋಡಿಸಿದ. ನಾನು ಎದುರು ನಿಂತು ತಲೆಕೆಳಗಾಗಿ ಓದಿದೆ: ಪಿಟೀಲು ಮೇಷ್ಟ್ರು ಆಕೆಯನ್ನು ಏಕೆ ಕೊಂದರು, ಹೇಗೆ ಕೊಂದರು, ಹೇಗೆ ಸಿಕ್ಕಿಬಿದ್ದರು, ಎಲ್ಲ ಇತ್ತು. ಒಂದು ತಪ್ಪೂ ಇಲ್ಲ, ಎಷ್ಟು ಚಂದ ಜೋಡಿಸಿದ್ದಾನೆ ಎಂದು ಮಾತ್ರ ನನಗೆ ಹೊಳೆಯಿತು. ಮಾವನಿಗೆ ಅದೂ ಹೊಳೆದಿರಲಾರದು. ಅವನು ಓದಿರಲಿಲ್ಲ, ಜೋಡಿಸಿದ್ದ.

ಶುಕ್ರವಾರ ಮ್ಯಾಟಿನಿ. ಅಪ್ಪ, ಅಮ್ಮ, ಬಿಸ್ಕತ್ತಿನವರು, ನಾನು ಬಾಲ್ಕನಿಯಲ್ಲಿ. ಅರ್ಧ ಗಂಟೆ ಎಲ್ಲ ಚೆನ್ನಾಗಿತ್ತು, ಯಾಕೆಂದರೆ ಜನ ಎರಡನೇ ಪುಟದಲ್ಲಿದ್ದರು. ಮುಂದಿನ ಬೆಂಚಿನ ಯಾರೋ ಒಬ್ಬ ಪುಸ್ತಕವನ್ನು ಹಿಂದಿನಿಂದ ತೆರೆದಿರಬೇಕು. ಗುಸುಗುಸು ಹಬ್ಬಿತು. ಮಧ್ಯಂತರದಲ್ಲಿ ಮಾರುವವನು ಜಾಣನಾಗಿ “ಹದಿನಾರನೇ ಪುಟ, ಹದಿನಾರನೇ ಪುಟ” ಎಂದೇ ಕೂಗುತ್ತಿದ್ದ. ಒಂದೂ ಉಳಿಯಲಿಲ್ಲ. ದೀಪ ಆರಿದ ಮೇಲೆ ಪಿಟೀಲು ಮೇಷ್ಟ್ರು ತೆರೆಯ ಮೇಲೆ ಬಂದು, ಆ ಹೊತ್ತು ನಾನು ಊರಲ್ಲೇ ಇರಲಿಲ್ಲ ಎಂದು ಆಲಾಪ ತೆಗೆದರು.

“ಸುಳ್ಳು. ಹದಿನಾರು ನೋಡೋ” ಎಂದಿತು ಮುಂದಿನ ಬೆಂಚು.

ಅಲ್ಲಿಂದ ಮುಂದೆ ಅವರು ಬಾಯಿ ತೆರೆದಾಗಲೆಲ್ಲ ನಗು. ಇನ್‌ಸ್ಪೆಕ್ಟರು ಬಿಸ್ಕತ್ತು ಅದ್ದಿದರೂ ನಗು. ಕೊನೆಯಲ್ಲಿ ಇನ್‌ಸ್ಪೆಕ್ಟರು ಕೊಲೆಗಾರನ ಗಂಟಲಿನ ಆ ಇಳಿದ ಸ್ವರವನ್ನು ಹಿಡಿದು ಎತ್ತಿ ತೋರಿಸುವ ದೃಶ್ಯದಲ್ಲಂತೂ ಮಂದಿರ ಬಿದ್ದುಹೋಗುವಷ್ಟು ನಕ್ಕಿತು. ಅಪ್ಪ ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದರು. ಭಾನುವಾರ ಸಿನಿಮಾ ತೆಗೆದು, ಹಳೆಯ ಹೊಡೆದಾಟದ ಚಿತ್ರವೊಂದನ್ನು ಹಾಕಿದರು. ಪತ್ರಿಕೆಯಲ್ಲಿ ಬಂದದ್ದು ಎರಡೇ ಪದ: ‘ಹೆಸರೇ ವಿಮರ್ಶೆ.’ ಅಪ್ಪ ಅದನ್ನು ಹೊಗಳಿಕೆಯೆಂದು ತಿಳಿದು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಶುಕ್ರವಾರ ಸಂಜೆ ಮಾವ ಎಂದಿನ ಹಾಗೆ ಜಗಲಿಗೆ ಬಂದ. ಮುಖದಲ್ಲಿ ಖುಷಿ. ಸಿನಿಮಾಕ್ಕೆ ಹೋಗಿರಲಿಲ್ಲ, ಪ್ರೆಸ್ಸಿನಲ್ಲಿ ಕೆಲಸವಿತ್ತು.

“ಭಾವ, ಪುಸ್ತಕ ಒಂದೂ ಉಳೀಲಿಲ್ಲವಂತೆ. ನಾಳೆಗೆ ಇನ್ನೊಂದು ಸಾವಿರ ಹಾಕಿ ಅಂದಿದ್ದಾರೆ.”

ಅಪ್ಪ ಜೀವಮಾನದಲ್ಲಿ ಮೊದಲ ಸಲ ರಾಗವಿಲ್ಲದೆ ಮಾತಾಡಿದರು. “ಕೊಲೆಗಾರ ನನ್ನ ಸಿನಿಮಾದಲ್ಲಿ ಇರಲಿಲ್ಲ ಕಣೋ ಮೊಳೆ. ನನ್ನ ಜಗಲಿ ಮೇಲೇ ಕೂತಿದ್ದ. ಇನ್ನು ಮೇಲೆ ಕೂರೋದು ಬೇಡ.”

ಮಾವ ನಿಂತೇ ಇದ್ದ. “ಪುಟ ಖಾಲಿ ಇತ್ತು, ಭಾವ” ಎಂದ ಸಣ್ಣ ದನಿಯಲ್ಲಿ. “ಎರಡನೇ ಪುಟದಲ್ಲಿ ಪ್ರಶ್ನೆ ಇತ್ತು. ಹದಿನಾರನೇದರಲ್ಲಿ ಜಾಗ ಇತ್ತು.”

ಅಪ್ಪ ಒಳಗೆ ಹೋದರು. ಮಾವ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದ. ಅಮ್ಮ ತಂದ ಕಾಫಿ ಲೋಟ ಅವಳ ಕೈಯಲ್ಲೇ ಆರಿತು.

ಆಮೇಲಿನ ಮೂವತ್ತೊಂದು ವರ್ಷಗಳನ್ನು ಮಾವ ಅಷ್ಟೇ ಸದ್ದಿಲ್ಲದೆ ಕಳೆದ. ಮದುವೆಯಾಗಲಿಲ್ಲ. ಕಂಪ್ಯೂಟರ್ ಬಂದು ಅಚ್ಚುಕೂಟ ಮುಚ್ಚುಕೂಟವಾಯಿತು. ಅದಕ್ಕೂ ಮುಂಚೆ ನನ್ನ ಮದುವೆಯ ಕಾಗದವನ್ನು ಅವನೇ ಜೋಡಿಸಿದ. ಈ ಸಲ ಹೂ ಬಳ್ಳಿಯೆಲ್ಲ ನನಗೇ. ಮದುವೆಗೆ ಬರಲಿಲ್ಲ. ಪ್ರೆಸ್ಸು ಹೋದ ಮೇಲೆ ಕೋರ್ಟಿನ ಎದುರು ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ, ಮಂಚದಷ್ಟಗಲದ ಜಾಗದಲ್ಲಿ, ರಬ್ಬರ್ ಸ್ಟಾಂಪು ಮಾಡುವ ಅಂಗಡಿ ಇಟ್ಟ. ಅಲ್ಲೂ ಅಕ್ಷರ ಉಲ್ಟಾ, ಆದ್ದರಿಂದ ಅವನು ಸುಖಿ. ಊರಿನ ಕಚೇರಿಗಳಲ್ಲಿ ಇವತ್ತಿಗೂ ನಿಮ್ಮ ಅರ್ಜಿಯ ಮೇಲೆ ‘ತಿರಸ್ಕರಿಸಲಾಗಿದೆ’ ಎಂದು ಅಚ್ಚುಕಟ್ಟಾಗಿ ಬೀಳುತ್ತದಲ್ಲ, ಅದು ನಮ್ಮ ಮಾವನ ಕೈ.

ಅಮ್ಮ ಪ್ರತಿ ಗುರುವಾರ ತರಕಾರಿಗೆಂದು ಹೊರಟು ಮೊದಲು ಪ್ರೆಸ್ಸಿಗೆ ಹೋಗುತ್ತಿದ್ದಳು, ಆಮೇಲೆ ಆ ಮೂರು ಮಹಡಿ ಹತ್ತುತ್ತಿದ್ದಳು. ಡಬ್ಬಿಯಲ್ಲಿ ಊಟ, ಸೆರಗಿನಲ್ಲಿ ಸುದ್ದಿ. ಹೋದಾಗಲೆಲ್ಲ ಮಾವ ಊಟ ಮುಗಿಸಿ, ಕೈ ತೊಳೆದು, ಒಂದೇ ಪ್ರಶ್ನೆ ಕೇಳುತ್ತಿದ್ದನಂತೆ.

“ಅಕ್ಕಾ, ಭಾವ ಇನ್ನೂ ಹಾಡ್ತಾರಾ?”

“ಹಾಡದೆ ಇರ್ತಾರೇನೋ? ದಿನಾ ಸಂಜೆ ಆ ಹದಿನಾಲ್ಕೂ ಹಾಡ್ತಾರೆ.”

ಮಾವ ನಿಟ್ಟುಸಿರು ಬಿಡುತ್ತಿದ್ದನಂತೆ. ಅಮ್ಮ ಇದನ್ನು ನನಗೆ ಹೇಳುವಾಗ ಕಣ್ಣೊರೆಸಿಕೊಳ್ಳುತ್ತಿದ್ದಳು. “ಎಷ್ಟು ಜೀವ ನೋಡು ಅವನಿಗೆ, ಭಾವನ ಹಾಡು ಅಂದ್ರೆ. ಆ ಪಾಪಕ್ಕೆ ಮುಖ ತೋರಿಸೋಕಾಗ್ದೆ ಕೂತಿದ್ದಾನೆ.” ನಾನೂ ಅವನಿಗೆ ಎಷ್ಟೋ ಸಲ ಹೇಳಿದೆ, ಬಾ ಮಾವ, ಆದದ್ದಾಯಿತು ಎಂದು. “ನಿಮ್ಮಪ್ಪಂದು ಕೋಪ ಇಳೀಲಿ ಕಾನ್ವೆಂಟು, ಅವಸರ ಏನಿದೆ” ಎನ್ನುತ್ತಿದ್ದ.

ಈ ನಡುವೆ ನಮ್ಮ ಪೆಟ್ಟಿಗೆಯ ತಿದಿಯನ್ನು ಇಲಿ ತಿಂದಿತು. ನಾನು ಅಪ್ಪನಿಗೆ ಕರೆಂಟಿನ ಕೀಬೋರ್ಡ್ ಕೊಡಿಸಿದೆ. ಅದರ ಏಳನೆಯ ಸ್ವರ ಏರಿದೆ, ಇದು ಕಳಪೆ ಮಾಲು, ವಾಪಸ್ಸು ಕೊಡು ಎಂದು ಅಪ್ಪ ಎರಡು ವರ್ಷ ಗೊಣಗಿದರು. ಅಂಗಡಿಯವನು ಮೂರು ಸಲ ಬಂದು ಪರೀಕ್ಷಿಸಿ, ಯಂತ್ರ ಸರಿಯಾಗಿದೆ ಎಂದು ಹೇಳಿ ಹೋದ. ಬರುಬರುತ್ತ ಅಪ್ಪನಿಗೆ ಅದೇ ಅಭ್ಯಾಸವಾಯಿತು.

ಹೀಗೇ ನಡೆದುಹೋಗುತ್ತಿತ್ತೇನೋ, ಅಮ್ಮನ ಮೊಣಕಾಲು ಕೈಕೊಡದಿದ್ದರೆ. ಹೋದ ವರ್ಷ ಒಂದು ಗುರುವಾರ ಅವಳು ಎರಡನೇ ಮಹಡಿಯಲ್ಲಿ ಕೂತುಬಿಟ್ಟಳು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಡಾಕ್ಟರು ಇನ್ನು ಮೆಟ್ಟಿಲು ಹತ್ತಕೂಡದು ಎಂದರು.

“ನಲವತ್ತೆರಡು ಮೆಟ್ಟಿಲು ಕಣೇ” ಎಂದಳು ಅಮ್ಮ ಮಂಚದ ಮೇಲೆ ಕಾಲು ಚಾಚಿ. “ಎಪ್ಪತ್ತಾಯ್ತು ನಂಗೆ. ಅವನು ಇಲ್ಲಿಗೆ ಬರಬಾರದು, ನಾನು ಅಲ್ಲಿಗೆ ಹೋಗಬಾರದು. ಹಾಗಾದ್ರೆ ನನ್ನ ತಮ್ಮನ್ನ ನಾನು ಇನ್ನು ಎಲ್ಲಿ ನೋಡಲಿ?”

ಇದಕ್ಕೆ ಉತ್ತರ ಬಿಸ್ಕತ್ತು ಕಾರ್ಖಾನೆಯಲ್ಲಿತ್ತು. ಅದನ್ನು ಕೆಡವುವಾಗ ಗೋದಾಮಿನಲ್ಲಿ ಎಂಟು ಡಬ್ಬ ಸಿಕ್ಕವು. ಬಿಸ್ಕತ್ತಿನ ಡಬ್ಬವೆಂದು ತೆರೆದರೆ ಒಳಗೆ ‘ಶ್ರುತಿ ತಪ್ಪಿದವನು’. ಚಿತ್ರಸಂಘ ನಡೆಸುವ ನಿವೃತ್ತ ಭೂಗೋಳದ ಮೇಷ್ಟ್ರು ಹುಡುಕಿಕೊಂಡು ಬಂದು, ಒಂದು ಪ್ರದರ್ಶನ ಇಡುತ್ತೇವೆ, ತಾವು ಮುಖ್ಯ ಅತಿಥಿ ಎಂದಾಗ ಅಪ್ಪ ಇಪ್ಪತ್ತು ವರ್ಷ ಚಿಕ್ಕವರಾದರು.

“ಈ ಸಲ ಪುಸ್ತಕ ಇಲ್ಲ” ಎಂದರು ನನಗೆ, ಅಂಗಿಗೆ ಇಸ್ತ್ರಿ ಹಾಕಿಸುತ್ತ. “ಹದಿನಾರನೇ ಪುಟ ಇಲ್ಲ. ಕೊಲೆಗಾರ ಯಾರು ಅಂತ ಒಬ್ಬರಿಗೂ ಗೊತ್ತಿಲ್ಲ. ಈಗ ನೋಡೋಣ, ಯಾರು ನಗ್ತಾರೆ.”

ಅಮ್ಮ ನನ್ನನ್ನು ಅಡಿಗೆಮನೆಗೆ ಕರೆದು, “ಅವನನ್ನೂ ಕರ್ಕೊಂಡು ಬಾ. ಕತ್ತಲಲ್ಲಿ ಹಿಂದೆ ಕೂರಲಿ. ಸಿನಿಮಾ ಗೆದ್ರೆ ನಿಮ್ಮಪ್ಪ ಕರಗ್ತಾರೆ, ಆಗ ಮುಂದೆ ತಂದು ನಿಲ್ಲಿಸು” ಎಂದಳು. ನಾನು ನಲವತ್ತೆರಡು ಮೆಟ್ಟಿಲು ಹತ್ತಿ ಮಾವನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಸ್ಟಾಂಪನ್ನು ಉಜ್ಜಿ ಮುಗಿಸಿ ಪಕ್ಕಕ್ಕಿಟ್ಟ. ಕೊನೆಗೆ, “ಎಷ್ಟು ಹಾಡಿದೆ ಅದರಲ್ಲಿ?” ಎಂದ.

“ಹದಿಮೂರು. ನಿನಗೆ ಗೊತ್ತಿಲ್ವಾ?”

“ಹ್ಞೂಂ” ಎಂದ. “ಅಕ್ಕನ ಮೊಣಕಾಲಿಗೋಸ್ಕರ ಬರ್ತೀನಿ.”

ಪ್ರದರ್ಶನದ ದಿನ ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಮೂವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದರು. ತೆರೆಯ ಮೇಲೆ ನಮ್ಮ ಹಳೆಯ ಬೀದಿ, ನಮ್ಮದೇ ಜಗಲಿ, ತೀರಿಹೋದ ದರ್ಜಿ, ಕೂದಲಿದ್ದ ಕಾಲದ ಹಲ್ಲಿನ ಡಾಕ್ಟರು. ನನಗೆ ಪ್ರೆಸ್ಸಿನ ಶಾಯಿಯ ವಾಸನೆ ಬಂದ ಹಾಗಾಯಿತು. ಮೂರನೆಯ ಹಾಡಿಗೆ ಪಕ್ಕದಲ್ಲಿದ್ದ ಅಪ್ಪನ ಹುಬ್ಬು ಗಂಟಾದದ್ದು ತೆರೆಯ ಬೆಳಕಿನಲ್ಲೇ ಕಂಡಿತು. ಐದನೆಯದಕ್ಕೆ ಅವರ ಬೆರಳು ಕುರ್ಚಿಯ ಕೈ ಮೇಲೆ, ಇಲ್ಲದ ಕೀಬೋರ್ಡಿನಲ್ಲಿ, ಏನನ್ನೋ ಹುಡುಕುತ್ತಿತ್ತು.

“ಇವಳೂ ಇಳಿದಳು” ಎಂದರು ತಮಗೆ ತಾವೇ.

ಎದುರಾಳಿ ಗಾಯಕಿ ಏಳನೆಯ ಸ್ವರದಲ್ಲಿ ಇಳಿದಳು. ಗಂಡ ಇಳಿದ. ದರ್ಜಿ ಇಳಿದ. ಸತ್ತ ಗಾಯಕಿ ಹಿನ್ನೋಟದಲ್ಲಿ ಬಂದು ಹಾಡಿ, ಅವಳೂ ಅದೇ ಜಾಗದಲ್ಲಿ ಕೂದಲೆಳೆಯಷ್ಟು ಇಳಿದಳು. ಎಲ್ಲರೂ ಕಲಿತದ್ದು ಒಂದೇ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯ ಆ ಒಂದು ಮನೆ ಯಾವ ಕಾಲದಿಂದಲೋ ಕುಸಿದಿತ್ತು, ಅದರಲ್ಲೇ ಕಲಿತ ಅಪ್ಪನ ಕಿವಿಯೂ ಕೀಬೋರ್ಡ್ ಬರುವ ತನಕ ಅಲ್ಲೇ ಕುಸಿದಿತ್ತು. ಕೊನೆಯ ದೃಶ್ಯ ಬಂತು. ಇನ್‌ಸ್ಪೆಕ್ಟರು ಬಿಸ್ಕತ್ತು ನುಂಗಿ ಎದ್ದು ನಿಂತು, ಇಗೋ ನಿನ್ನ ಗಂಟಲಿನ ಕಳ್ಳ ಸ್ವರ, ಸರಿಯಾದದ್ದು ಹೀಗೆ ಎಂದು ಎತ್ತಿ ಹಾಡಿದರು. ಎತ್ತಿದ್ದು ಅಲ್ಲಿಗೇ ಇಳಿಯಿತು.

ಮುಂದಿನ ಸಾಲಿನ ಒಬ್ಬ ಹುಡುಗಿ, ಸಂಗೀತದ ವಿದ್ಯಾರ್ಥಿನಿ, ತುಂಬ ಗೌರವದಿಂದ ಭೂಗೋಳದ ಮೇಷ್ಟ್ರ ಕಡೆ ತಿರುಗಿ ಕೇಳಿದಳು: “ಸರ್, ಹಾಗಾದ್ರೆ ಕೊಲೆ ಮಾಡಿದ್ದು ಇನ್‌ಸ್ಪೆಕ್ಟರಾ?”

ಸಭಾಂಗಣ ನಕ್ಕಿತು. ಮೂವತ್ತೊಂದು ವರ್ಷದ ಹಿಂದಿನ ಅದೇ ನಗು, ಅದೇ ಜಾಗದಲ್ಲಿ. ಅಪ್ಪ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಸಿನಿಮಾ ಸೋತದ್ದನ್ನು ಕಂಡು ಅಮ್ಮ ನನ್ನ ಕೈ ಚಿವುಟಿ, “ಅವನನ್ನ ಕಳಿಸಿಬಿಡು” ಎಂದು ಪಿಸುಗುಟ್ಟಿದಳು. ನಾನು ಹೇಳಬೇಕಾಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಮಾವ ಆಗಲೇ ಎದ್ದು ಬಾಗಿಲನ್ನು ಓದುತ್ತಿದ್ದ.

ಆ ಸದ್ದಿನ ವಿಷಯ ಮೊದಲೇ ಹೇಳಿದ್ದೇನೆ. ದೀಪ ಬಂತು. ಮಾವ ಹಣೆ ಹಿಡಿದುಕೊಂಡು ನಿಂತಿದ್ದ. ಅಮ್ಮ ಕುರ್ಚಿಯಿಂದಲೇ, “ಲೋ, ಪೆಟ್ಟಾಯ್ತೇನೋ? ಗಾಜಿಗೇನೂ ಆಗಿಲ್ಲ ತಾನೇ?” ಎಂದಳು. ಅಪ್ಪ ಕೋಲೂರಿಕೊಂಡು ಎದ್ದು, ಕುರ್ಚಿಗಳ ನಡುವಿನ ಆ ಹತ್ತು ಹೆಜ್ಜೆ ನಡೆದು, ಅವನ ಎದುರು ನಿಂತರು. ಭೂಗೋಳದ ಮೇಷ್ಟ್ರು ಅತಿಥಿಗಳ ಎರಡು ಮಾತಿಗೆಂದು ಹಿಡಿದಿದ್ದ ಮೈಕನ್ನು ಮೆಲ್ಲಗೆ ಕೆಳಗಿಟ್ಟರು.

“ಹದಿನಾರನೇ ಪುಟ ಇಲ್ಲದೇನೂ ನಗ್ತಾರೆ ಕಣೋ ಮೊಳೆ” ಎಂದರು ಅಪ್ಪ.

ಮಾವ ಹಣೆಯಿಂದ ಕೈ ತೆಗೆದ.

“ಪೆಟ್ಟಿಗೆ ಇಳಿದಿತ್ತು. ನಾನೂ ಇಳಿದಿದ್ದೆ, ಎಲ್ಲರನ್ನೂ ಇಳಿಸಿದೆ. ಏರಿದ್ದು ಮಾತ್ರ ನಿನ್ನ ಮೇಲೆ.” ಅವರು ಜೇಬಿನಿಂದ ಕರವಸ್ತ್ರ ತೆಗೆದು ಅವನ ಕೈಗೆ ಕೊಟ್ಟರು. “ಹಣೆಗೆ ಒತ್ತಿ ಹಿಡಿ. ಗುರುವಾರ ಮನೆಗೆ ಬಾ. ನಿಮ್ಮಕ್ಕ ಇನ್ನು ಮೂರು ಮಹಡಿ ಹತ್ತೋ ಹಾಗಿಲ್ಲ.”

ಅಮ್ಮ ತಲೆ ತಗ್ಗಿಸಿದಳು. ಮೂವತ್ತೊಂದು ವರ್ಷ ಅವಳು ತಂದ ತರಕಾರಿಯ ಲೆಕ್ಕ ಅಪ್ಪನಿಗೆ ಗೊತ್ತಿತ್ತೆಂದು ಅವಳಿಗೆ ಗೊತ್ತಾದದ್ದು ಆ ಕ್ಷಣದಲ್ಲೇ.

“ಬರ್ತೀನಿ ಭಾವ” ಎಂದ ಮಾವ.

ಅಪ್ಪನ ಕಣ್ಣು ಒದ್ದೆಯಾಗಿತ್ತು. ಅವನ ಭುಜದ ಮೇಲೆ ಕೈಯಿಟ್ಟು, ಹಳೆಯ ರಾಗವನ್ನು ಸ್ವಲ್ಪ ದನಿಗೆ ತಂದುಕೊಂಡು ಕೇಳಿದರು: “ನಾನು ಸಿಟ್ಟಲ್ಲಿ ಒಂದು ಮಾತು ಅಂದೆ ಅಂತ ಮೂವತ್ತೊಂದು ವರ್ಷವೇನೋ? ಮಾರನೇ ದಿನ ಬಂದು ಜಗಲಿ ಮೇಲೆ ಕೂತಿದ್ರೆ ನಾನೇನು ಎಬ್ಬಿಸಿ ಕಳಿಸ್ತಿದ್ನಾ? ಯಾಕೋ ಬರಲಿಲ್ಲ?”

ಮಾವ ಕರವಸ್ತ್ರವನ್ನು ಹಣೆಯಿಂದ ತೆಗೆದು, ರಕ್ತ ಬಂದಿದೆಯೇ ಎಂದು ನೋಡಿ, ಮತ್ತೆ ಒತ್ತಿಕೊಂಡ.

“ಬಂದಿದ್ರೆ ನೀವು ಹಾಡ್ತಿದ್ರಿ, ಭಾವ.”